ಎರಡೂವರೆ ತೋಳಿನ ನಕ್ಷತ್ರ

ನಮ್ಮ ಪ್ರಾಣಿಶಾಸ್ತ್ರ ವಿಭಾಗದ ಗಾಜಿನ ಕಪಾಟಿನಲ್ಲಿ, ಮೂರನೇ ಹಲಗೆಯ ಮೇಲೆ, ಬ್ರಿಟಲ್ ಸ್ಟಾರ್ ಎಂಬ ಒಂದು ಸಮುದ್ರಪ್ರಾಣಿ ಇದೆ. ಫಾರ್ಮಲಿನ್ ಹಳದಿಯಾಗಿದೆ. ಜಾಡಿಯ ಚೀಟಿಯಲ್ಲಿ ಹೆಸರು ಮಾಸಿ ಸಂಖ್ಯೆ ಮಾತ್ರ ಉಳಿದಿದೆ. ನಾನು ರಾಯಚೂರಿನ ಇದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗಲೂ ಅದು ಅಲ್ಲೇ ಇತ್ತು. ಈಗ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವಾಗಲೂ ಅಲ್ಲೇ ಇದೆ. ಐದು ತೋಳಿರಬೇಕಾದ ಪ್ರಾಣಿ ಅದು. ಜಾಡಿಯಲ್ಲಿರುವುದಕ್ಕೆ ಎರಡೂವರೆ ತೋಳು. ಉಳಿದವು ಯಾವ ಕಾಲದಲ್ಲೋ ಮುರಿದು, ಪುಡಿಯಾಗಿ ತಳ ಸೇರಿವೆ.

ಪ್ರತಿ ವರ್ಷ ಮಕ್ಕಳು ಆ ಜಾಡಿಯ ಮುಂದೆ ಕುಳಿತು ರೆಕಾರ್ಡ್ ಪುಸ್ತಕದಲ್ಲಿ ಐದು ತೋಳು ಬರೆಯುತ್ತಾರೆ. ಪಠ್ಯಪುಸ್ತಕದ ಚಿತ್ರ ಎಲ್ಲರಿಗೂ ಬಾಯಿಪಾಠ. ನಾನೂ ಹಾಗೇ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು. ಎರಡು ವರ್ಷದ ಹಿಂದೆ ದೇವದುರ್ಗದ ಒಬ್ಬ ಹುಡುಗಿ ಮಾತ್ರ ಎರಡೂವರೆ ತೋಳು ಬರೆದಳು.

"ಉಳಿದವು ಎಲ್ಲಿ ಹೋದವಮ್ಮ?" ಎಂದು ಕೇಳಿದೆ.

"ಜಾಡ್ಯಾಗ ಅಷ್ಟೇ ಅದಾವಲ್ರೀ ಮೇಡಂ. ನೋಡಿ ಬರೀರಿ ಅಂತ ನೀವೇ ಅಂದ್ರಿ."

ತರಗತಿ ನಕ್ಕಿತು. ಅವಳ ಪಕ್ಕದಲ್ಲಿ ಕೂರುವ, ಅವಳದೇ ಹಾಸ್ಟೆಲಿನ ಮಟಮಾರಿಯ ಹುಡುಗಿ, "ದೇವದುರ್ಗದಾಗ ನಕ್ಷತ್ರಕ್ಕ ಎರಡೂವರಿನೇ ಕಾಲು ಇರ್ತಾವ್ರಿ ಮೇಡಂ" ಎಂದಳು.

"ನಿಮ್ಮ ಮಟಮಾರ್ಯಾಗ ಐದು ಅದಾವೇನ ಬೇ? ಏಣಿ ಹಾಕ್ಕೊಂಡು ಎಣಿಸಿ ಬಂದೀ?" ಎಂದಳು ಇವಳು, ಪುಸ್ತಕದಿಂದ ಕಣ್ಣು ಎತ್ತದೆ.

ನಾನು ಅರ್ಧ ಅಂಕ ಕಳೆದೆ. ಅಂದು ಸಂಜೆ ಮಾನ್ವಿಯ ಬಸ್ಸಿನಲ್ಲಿ ಮನೆಗೆ ಹೋಗುತ್ತ, ಕಲ್ಲೂರು ದಾಟುವ ಹೊತ್ತಿಗೆ, ಕಳೆದದ್ದು ಸರಿಯಲ್ಲ ಎನಿಸಿತು. ಮರುದಿನ ಅರ್ಧ ಅಂಕ ವಾಪಸು ಕೊಟ್ಟೆ. ಅವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ತನ್ನದು ತನಗೆ ಬಂತು ಎನ್ನುವ ಹಾಗೆ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು.

ಈ ಹುಡುಗಿಯ ಬಗ್ಗೆ, ಸಮುದ್ರದ ದಂಡೆಯಲ್ಲಿ ನಾವಿಬ್ಬರೂ ಕಳೆದ ಒಂದು ಬೆಳಗಿನ ಬಗ್ಗೆ, ಆಮೇಲೆ ನಾನು ಬರೆದುಕೊಟ್ಟ ಒಂದು ಪುಟದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಆ ಪುಟದಿಂದಾಗಿ ಅವಳ ಓದು ನಿಂತಿತ್ತು. ವರ್ಷವಾಗುತ್ತ ಬಂತು. ಈಗಲೂ ನಲ್ಲಿಯ ಕೆಳಗಿಟ್ಟ ಬಕೆಟ್ ತುಂಬುತ್ತ ಬಂದು ನೀರಿನ ಸದ್ದು ಸಣ್ಣದಾಗುತ್ತದಲ್ಲ, ಆ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಹೋಗಿ ನಲ್ಲಿ ನಿಲ್ಲಿಸಿ ಬರುತ್ತೇನೆ.

ಬ್ರಿಟಲ್ ಸ್ಟಾರ್ ಎಂದರೆ ಸುಲಭಕ್ಕೆ ಮುರಿಯುವ ನಕ್ಷತ್ರ. ಸಮುದ್ರ ನಕ್ಷತ್ರದ ದಾಯಾದಿ. ನಡುವೆ ಒಂದು ನಾಣ್ಯದಷ್ಟು ಮೈ, ಅದರಿಂದ ಹೊರಟ ಐದು ತೆಳ್ಳನೆಯ ಉದ್ದ ತೋಳು. ಮಿದುಳಿಲ್ಲ. ತಿನ್ನುವುದಕ್ಕೂ ಹೊರಹಾಕುವುದಕ್ಕೂ ಒಂದೇ ಬಾಯಿ. ಬೆಳಕಾಗದು, ಆದ್ದರಿಂದ ಕಲ್ಲಿನ ಕೆಳಗೆ, ಹವಳದ ಬಿರುಕಿನಲ್ಲಿ, ಸ್ಪಂಜಿನ ತೂತಿನಲ್ಲಿ ಅಡಗಿರುತ್ತದೆ. ಆಳ ಸಮುದ್ರದ ಕೆಸರಿನಲ್ಲಿ ಇವು ಸಾವಿರಾರು ಒಟ್ಟಿಗೆ ಮಲಗಿ, ತೋಳು ಮೇಲೆತ್ತಿ, ಮೇಲಿನಿಂದ ಉದುರುವ ಕಣಗಳನ್ನು ಹಿಡಿದು ತಿನ್ನುತ್ತವೆ. ಯಾರಾದರೂ ತೋಳು ಹಿಡಿದರೆ ತೋಳನ್ನೇ ಬಿಟ್ಟು ಹೋಗುತ್ತವೆ. ತೋಳು ಮತ್ತೆ ಬೆಳೆಯುತ್ತದೆ. ಈ ಪಾಠದ ಕೊನೆಗೆ ಒಂದು ವಾಕ್ಯವನ್ನು ನಾನು ಪ್ರತಿ ವರ್ಷ ಬರೆಸುತ್ತೇನೆ: ಈ ವಂಶದ ಒಂದು ಪ್ರಾಣಿಯೂ ಸಿಹಿನೀರಿನಲ್ಲಿ ಬದುಕುವುದಿಲ್ಲ.

ನಮ್ಮದು ಎರಡು ಹೊಳೆಗಳ ನಡುವಿನ ಜಿಲ್ಲೆ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ. ಮಕ್ಕಳಲ್ಲಿ ಹೆಚ್ಚಿನವರು ಸಮುದ್ರ ನೋಡಿದವರಲ್ಲ. ಆದರೆ ನೀರು ಎಂದರೆ ಏನೆಂದು ತಮಗೆ ಗೊತ್ತು ಎಂದುಕೊಂಡವರು. ನಾನೂ ಅಷ್ಟೇ. ಮೇಲಿನ ಡ್ಯಾಮಿನವರು ಗೇಟು ತೆಗೆದರೆ ನೀರು ಬರುತ್ತದೆ. ತೆಗೆಯುವ ಮೊದಲು ಡಂಗುರ ಸಾರುತ್ತಾರೆ, ಈಗ ಮೊಬೈಲಿಗೂ ಸುದ್ದಿ ಬರುತ್ತದೆ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತದೆ. ನಮ್ಮ ತಿಳಿವಳಿಕೆ ಇಷ್ಟು.

ಕಳೆದ ಫೆಬ್ರವರಿಯಲ್ಲಿ ಕೊನೆಯ ವರ್ಷದ ಮಕ್ಕಳನ್ನು ಕಾರವಾರದ ಕಡೆಯ ಸಮುದ್ರಕ್ಕೆ ಅಧ್ಯಯನ ಪ್ರವಾಸ ಕರೆದುಕೊಂಡು ಹೋಗುವುದೆಂದಾಯಿತು. ಪಾಲಕರ ಒಪ್ಪಿಗೆ ಪತ್ರ ಬೇಕಿತ್ತು. ಎರಡೂವರೆ ತೋಳಿನ ಹುಡುಗಿಯ ತಾಯಿ ಪತ್ರ ಕಳಿಸಲಿಲ್ಲ. ದೇವದುರ್ಗದಿಂದ ಬಸ್ಸು ಹತ್ತಿ ತಾನೇ ಬಂದಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಳೆದಂಡೆಯ ಹಳ್ಳಿಯಿಂದ ಮಗಳ ಓದಿಗೆಂದು ದೇವದುರ್ಗಕ್ಕೆ ಬಂದು ನೆಲೆಸಿದವಳು. ಸಹಿ ಬರುವುದಿಲ್ಲ, ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತುವ ಮೊದಲು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನೀವು ಇಕಿ ಸಂಗಾಟ ಇರ್ತೀರೇನ್ರಿ?"

"ಇರ್ತೀನಿ."

"ನಿಮಗ ಈಜು ಬರ್ತದೇನ್ರಿ ಮೇಡಂ?"

ನನಗೆ ನಗು ಬಂತು. "ಯವ್ವಾ, ನಾವು ಹೋಗೂದು ಕಲ್ಲಿನ ಕೆಳಗ ಹುಳ ನೋಡ್ಲಿಕ್ಕೆ. ನೀರಿಗೆ ಇಳಿಯೂದಿಲ್ಲ" ಎಂದೆ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ನನಗೆ ಈಜು ಬರುವುದಿಲ್ಲ. ಮಾನ್ವಿಯ ನಮ್ಮ ಮನೆಯಲ್ಲಿ ಹೊಳೆಗೆ ಹೋದರೆ ಮೆಟ್ಟಿಲ ಮೇಲೆ ಕುಳಿತು ಚೊಂಬಿನಿಂದ ಸ್ನಾನ ಮಾಡಿ ಬರುವ ಪದ್ಧತಿ. ನೀರಿನ ನಡುವಿಗೆ ಹೋಗುವ ಕೆಲಸ ನಮ್ಮವರಿಗೆ ಯಾವತ್ತೂ ಇರಲಿಲ್ಲ.

ನಾವು ನೋಡಬೇಕಿದ್ದ ಕಲ್ಲುತೀರಕ್ಕೆ ಬೆಳಿಗ್ಗೆ ಆರೂವರೆಗೇ ತಲುಪಬೇಕಿತ್ತು. ಅಮಾವಾಸ್ಯೆಯ ಮರುದಿನ. ಆ ಹೊತ್ತಿಗೆ ಇಳಿತ ಪೂರ್ತಿಯಾಗಿ, ನೀರು ಸರಿದು, ಬಂಡೆಗಳು ಹೊರಗೆ ಬಂದಿರುತ್ತವೆ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಉಬ್ಬರವಿಳಿತದ ಪಟ್ಟಿ ನೋಡಿ ಬರೆದುಕೊಂಡಿದ್ದರು. ಆದರೆ ಉಪ್ಪಿಟ್ಟು, ಚಹಾ ಮುಗಿಸಿ ಹೊರಡುವಷ್ಟರಲ್ಲಿ ಏಳೂವರೆಯಾಯಿತು. ಮುಖ್ಯಸ್ಥರಿಗೆ ಮೊಣಕಾಲು ನೋವು. ಅವರು ದಂಡೆಗೆ ಹತ್ತಿರದ ಸಣ್ಣ ಗುಂಡಿಗಳ ಬಳಿ ಮಕ್ಕಳನ್ನು ಕೂರಿಸಿಕೊಂಡು ಏಡಿ, ಶಂಖದ ಹುಳ ತೋರಿಸಲು ಶುರು ಮಾಡಿದರು. ಅಲ್ಲಿ ಬ್ರಿಟಲ್ ಸ್ಟಾರ್ ಇರಲಿಲ್ಲ.

ಇನ್ನೂ ಮುಂದೆ, ಒಂದು ತಗ್ಗಿನ ಆಚೆ, ಮನೆಯ ಮಾಳಿಗೆಯಷ್ಟು ಅಗಲದ ಬಂಡೆಯೊಂದು ಸಮುದ್ರಕ್ಕೆ ಮುಖಮಾಡಿ ನಿಂತಿತ್ತು. ತಗ್ಗಿನಲ್ಲಿ ಪಾದ ಮುಳುಗುವಷ್ಟು ನೀರು. ಬಂಡೆಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕುಳಿತು, ಕಬ್ಬಿಣದ ಸಲಾಕೆಯಿಂದ ಚಿಪ್ಪುಮೀನು ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು.

"ಅಲ್ಲಿ ಇರಬಹುದು" ಎಂದೆ. ಹುಡುಗಿ ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಅವಳನ್ನು ಕರೆದುಕೊಂಡು ಹೋದವಳು ನಾನು. ಇದನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ಚಿಪ್ಪು ಕೀಳುವ ಹೆಂಗಸು ನಮ್ಮನ್ನು ನೋಡಿ, "ನಾನು ಎದ್ದೆ ಅಂದ್ರೆ ನೀವೂ ಏಳ್ಬೇಕು. ಆಮೇಲೆ ಬರೂಕೆ ಆಗೂದಿಲ್ಲ" ಎಂದಳು. ಆಗಲಿ ಎಂದು ತಲೆ ಆಡಿಸಿದೆವು.

ಹುಡುಗಿ ಮೊದಲು ಮಾಡಿದ ಕೆಲಸವೆಂದರೆ ಬಂಡೆಯ ಸಮುದ್ರದ ಕಡೆಯ ಅಂಚಿಗೆ ಹೋಗಿ, ಮೂರು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟದ್ದು. ನಮ್ಮ ಕಡೆ ಹೊಳೆಯ ನಡುಗಡ್ಡೆಗೆ ಹುಲ್ಲಿಗೋ ಆಡು ಕಾಯಲಿಕ್ಕೋ ಹೋದವರು ಹೀಗೆ ಮಾಡುತ್ತಾರೆ. ನೀರಿನ ಅಂಚಿಗೆ ಗುರುತಿನ ಕಲ್ಲು ಇಡುತ್ತಾರೆ. ಕೆಳಗಿನ ಕಲ್ಲು ಒದ್ದೆಯಾದರೆ ಎಲ್ಲ ಬಿಟ್ಟು ಎದ್ದು ಬರಬೇಕು. ನಾನು ಮಾನ್ವಿಯ ಕಡೆ ದಂಡೆಯ ಮೇಲೆ ನಿಂತು ಅದನ್ನು ನೋಡಿದ್ದೆ. ಸಮುದ್ರದ ದಂಡೆಯಲ್ಲಿ ನಮ್ಮೂರಿನ ಕಲ್ಲು ನೋಡಿ ನನಗೆ ಖುಷಿಯಾಯಿತು. "ಶಾಣ್ಯಾಕಿ ಇದ್ದೀ" ಎಂದೆ. ಅವಳು ಇನ್ನೂ ಕೆಲವು ಕಲ್ಲು ಆರಿಸಿಕೊಳ್ಳತೊಡಗಿದಳು. ಎರಡು ಕಲ್ಲು ಎದೆಗೆ ಒತ್ತಿಹಿಡಿದು, ನಾವು ಬಂದ ತಗ್ಗಿನ ಕಡೆಗೆ ನಡೆಯುತ್ತಿದ್ದಳು. ಅಷ್ಟರಲ್ಲಿ ನಾನು ಒಂದು ಚಪ್ಪಟೆ ಕಲ್ಲು ಎತ್ತಿದೆ.

"ಬಾ ಬೇ, ಜಲ್ದಿ ಬಾ! ಸಿಕ್ತು!"

ಅವಳು ಓಡಿ ಬಂದಳು.

ಕಲ್ಲಿನ ಕೆಳಗೆ ನಾಲ್ಕು ಇದ್ದವು. ಜಾಡಿಯಲ್ಲಿ ಇಪ್ಪತ್ತು ವರ್ಷ ನೋಡಿದ ಹಳದಿ ಬಣ್ಣವಲ್ಲ. ಕಂದು, ಅದರ ಮೇಲೆ ತೋಳುದ್ದಕ್ಕೂ ಬಿಳಿ ಪಟ್ಟಿ, ಪಟ್ಟಿಗಳ ನಡುವೆ ಸಣ್ಣ ಮುಳ್ಳು. ಬೆಳಕು ಬಿದ್ದದ್ದೇ ನಾಲ್ಕೂ ನಾಲ್ಕು ಕಡೆಗೆ ಹರಿದವು. ನಾನು ಗಾಬರಿಯಿಂದ ಒಂದನ್ನು ಎರಡು ಬೆರಳಿನಲ್ಲಿ ಹಿಡಿದೆ. ಅದು ಹೋಯಿತು. ಬೆರಳಿನಲ್ಲಿ ಒಂದು ತೋಳು ಉಳಿಯಿತು. ತನಗೆ ಮೈ ಇಲ್ಲವೆಂಬುದು ಗೊತ್ತೇ ಇಲ್ಲದ ಹಾಗೆ ಆ ತುಂಡು ಹೊರಳಾಡುತ್ತಿತ್ತು.

"ಹಿಡದ್ರಲ್ರೀ, ಅದಕ್ಕ ಬಿಡ್ತು" ಎಂದಳು ಹುಡುಗಿ. "ಹಿಡೀಬಾರದ್ರಿ. ಅದಾ ಬರಬೇಕು." ಅವಳು ಅಂಗೈಯನ್ನು ನೀರಿನಲ್ಲಿ ಅಂಗಾತ ಇಟ್ಟು ಸುಮ್ಮನೆ ಕುಳಿತಳು. ಸ್ವಲ್ಪ ಹೊತ್ತಿಗೆ ಒಂದು ಅವಳ ಬೆರಳ ಸಂದಿಯ ನೆರಳಿಗೆ ಬಂದು ಹತ್ತಿತು. ಒಂದು ತೋಳು ಮುಂದೆ, ಅದರ ಎರಡೂ ಪಕ್ಕದವು ಬೀಸುತ್ತ, ಹಿಂದಿನವು ಎಳೆದುಕೊಂಡು.

"ಹರಗೋಲಿಗೆ ಹುಟ್ಟು ಹಾಕಿದಂಗ ಬರ್ತದ ನೋಡ್ರಿ! ಇದರ ಎರಡು ತೋಳು ಹೊಸಾವು. ಸಣ್ಣು ಅದಾವ, ಬಣ್ಣಾನೂ ಕಮ್ಮಿ."

ನಾನು ನೋಡಿರಲಿಲ್ಲ. ಅವಳು ಹೇಳಿದ ಮೇಲೆ ಕಂಡಿತು. ಅವಳು ಅಲ್ಲೇ ಮೊಣಕಾಲ ಮೇಲೆ ರೆಕಾರ್ಡ್ ಪುಸ್ತಕ ಇಟ್ಟುಕೊಂಡು ಬರೆಯಲು ಕುಳಿತಳು. ಏನನ್ನೂ ಹಿಡಿದು ತರಬಾರದು, ನೋಡಿ ಕಲ್ಲನ್ನು ಇದ್ದ ಹಾಗೇ ಇಡಬೇಕು ಎಂಬುದು ನಮ್ಮ ನಿಯಮ. ಹೀಗೆ ಒಂದು ಕಲ್ಲು, ಇನ್ನೊಂದು ಕಲ್ಲು. ಹೊತ್ತು ಹೋದದ್ದು ತಿಳಿಯಲಿಲ್ಲ.

ಚಿಪ್ಪಿನ ಹೆಂಗಸು ಎದ್ದಳು. ಬುಟ್ಟಿ ತಲೆಗೇರಿಸಿ ತಗ್ಗಿಗೆ ಇಳಿದಳು. ನಾನು ನೋಡಿದೆ. ಬುಟ್ಟಿ ತುಂಬಿದೆ, ಅದಕ್ಕೆ ಹೊರಟಳು ಎಂದುಕೊಂಡೆ. ಆಚೆ ದಡದಿಂದ ಅವಳು ತಿರುಗಿ ಏನೋ ಕೂಗಿದಳು. ಅಲೆಯ ಸದ್ದಿನಲ್ಲಿ ಕೇಳಲಿಲ್ಲ.

"ಮೇಡಂ, ಆಯಿ ಹೊಂಟ್ಲಲ್ರೀ. ನಾವೂ ಏಳೂಣೇನ್ರಿ?"

"ನಿನ್ನ ಕಲ್ಲು ನೋಡು. ಒಣಾ ಅದಾವೋ ಇಲ್ಲೋ?"

ಅವಳು ಎದ್ದು ನೋಡಿದಳು. "ಒಣಾನೇ ಅದಾವ್ರಿ."

"ಹಂಗಾರ ಇನ್ನೈದು ನಿಮಿಷ. ಇದೊಂದು ಮುಗಿಸಿಬಿಡು."

ದಿನಕ್ಕೆ ಎಷ್ಟು ಸಲ ಈ ಮಾತು ನನ್ನ ಕಿವಿಗೆ ಬೀಳುತ್ತದೆಂದು ಲೆಕ್ಕವಿಟ್ಟಿಲ್ಲ. ಗುರುತಿನ ಕಲ್ಲು ಒಣಗಿಯೇ ಇತ್ತು. ಸಮುದ್ರದ ಕಡೆ ಬಂಡೆ ಗೋಡೆಯ ಹಾಗೆ ಕಡಿದಾಗಿತ್ತು. ನೀರು ಮೂರು ಅಡಿ ಏರಿದರೂ ಅದರ ಮೇಲಿಟ್ಟ ಗುರುತಿಗೆ ತಾಕುತ್ತಿರಲಿಲ್ಲ. ನಾವು ಆ ಕಡೆ ಮುಖ ಮಾಡಿ, ಬರುವ ನೀರು ಎದುರಿನಿಂದಲೇ ಬರುತ್ತದೆಂದು ಕಾಯುತ್ತಿದ್ದೆವು. ಅದು ಬಂಡೆಯನ್ನು ಸುತ್ತಿ ಬೆನ್ನ ಹಿಂದಿನ ತಗ್ಗಿಗೆ ಬಂದಿತ್ತು.

ನಾವು ಎದ್ದು ತಿರುಗಿದಾಗ ದಂಡೆಗೂ ನಮಗೂ ನಡುವೆ ಒಂದು ಹೊಳೆ ಇತ್ತು. ಬರುವಾಗ ಪಾದ ಮುಳುಗಿದ್ದ ಜಾಗ. ಈಗ ಅದರಲ್ಲಿ ನೀರು ಒಳಗೆ ನುಗ್ಗಿ, ನಿಂತು, ಮತ್ತೆ ಹೊರಗೆ ಎಳೆಯುತ್ತಿತ್ತು. ನೀರು ಎರಡೂ ಕಡೆಗೆ ಹರಿಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಇಲ್ಲೇ ನಿಂತರೆ ಬಂಡೆ ಪೂರ್ತಿ ಮುಳುಗುತ್ತದೆಂಬುದು ಅದರ ಮೈಗೆ ಅಂಟಿದ ಚಿಪ್ಪು ನೋಡಿದರೆ ತಿಳಿಯುತ್ತಿತ್ತು. ಅಷ್ಟು ಪ್ರಾಣಿಶಾಸ್ತ್ರ ನನಗೆ ಗೊತ್ತಿತ್ತು.

"ನನಗ ಈಜು ಬರೂದಿಲ್ಲ" ಎಂದೆ.

ಹುಡುಗಿ ನನ್ನ ಮುಖ ನೋಡಿದಳು. ರೆಕಾರ್ಡ್ ಪುಸ್ತಕವನ್ನು ಬಂಡೆಯ ಅತಿ ಎತ್ತರದ ಜಾಗದಲ್ಲಿಟ್ಟು ಮೇಲೆ ಕಲ್ಲು ಹೇರಿದಳು. ನೀರಿಗಿಳಿದಳು. ಸೊಂಟದವರೆಗೆ ಬಂತು.

"ನಿಲುಕ್ತದ. ಬರ್ರಿ. ನಾನು ಮುಂದ ನಡೀತೀನಿ, ಭುಜದ ಮ್ಯಾಲ ಕೈ ಇಡ್ರಿ. ಹಿಡೀಬ್ಯಾಡ್ರಿ. ಬರೇ ಇಡ್ರಿ."

ಹನ್ನೆರಡು ಹೆಜ್ಜೆ ಇರಬಹುದು, ಹೆಚ್ಚಿಲ್ಲ. ಅರ್ಧದವರೆಗೆ ನಾನು ಕೈ ಬರೇ ಇಟ್ಟಿದ್ದೆ. ಆಗ ಬಲಗಡೆಯಿಂದ ಒಂದು ಅಲೆ ಬಂತು. ದೊಡ್ಡದೇನಲ್ಲ. ಎದೆಗೆ ಬಡಿಯಿತು, ಕಾಲ ಕೆಳಗಿನ ಕಲ್ಲು ಸರಿಯಿತು. ನಾನು ಎರಡೂ ಕೈಯಿಂದ ಅವಳ ಕುತ್ತಿಗೆ ಹಿಡಿದೆ. ಇಬ್ಬರೂ ಮುಳುಗಿದೆವು. ನೀರೊಳಗೆ ಅವಳು ನನ್ನ ಕೈ ಬಿಡಿಸುವುದು ಗೊತ್ತಾಗುತ್ತಿತ್ತು. ನಾನು ಇನ್ನೂ ಗಟ್ಟಿ ಹಿಡಿದೆ. ಅವಳು ನನ್ನನ್ನು ಒದ್ದಳೋ, ಮೇಲಕ್ಕೆ ತಳ್ಳಿದಳೋ ಗೊತ್ತಿಲ್ಲ. ನನ್ನ ಕಾಲಿಗೆ ಒಂದು ಗಟ್ಟಿ ಕಲ್ಲು ಸಿಕ್ಕಿತು. ಎದ್ದು ನಿಂತೆ. ನೀರು ಎದೆಯವರೆಗಿತ್ತು. ನನ್ನ ಮುಷ್ಟಿಯಲ್ಲಿ ಅವಳ ವೇಲು ಇತ್ತು. ಅವಳಿರಲಿಲ್ಲ.

ನೀರು ಹೊರಗೆ ಎಳೆಯುತ್ತಿತ್ತು. ನಾನು ಅವಳ ಹೆಸರು ಕೂಗಿದೆ ಎಂದು ಆಮೇಲೆ ಉಳಿದವರು ಹೇಳಿದರು. ನನಗೆ ನೆನಪಿರುವುದು ವೇಲಿನ ಬಣ್ಣ ಮಾತ್ರ. ಹಸಿರು, ಅಂಚಿಗೆ ಹಳದಿ ದಾರ.

ಚಿಪ್ಪಿನ ಹೆಂಗಸು ಬುಟ್ಟಿ ಕಟ್ಟುವ ಹಗ್ಗ ಹಿಡಿದು ಓಡಿಬಂದಳು. ನನ್ನ ಕಡೆಗೆ ತಿರುಗಿ ನೋಡಲೂ ಇಲ್ಲ. ತಗ್ಗಿನ ಬಾಯಿಯ ಕಡೆಗೆ ಓಡಿದಳು. ಅಲ್ಲಿ, ಸಮುದ್ರಕ್ಕೆ ತೆರೆಯುವ ಜಾಗದಲ್ಲಿ, ಹುಡುಗಿ ಒಂದು ಬಂಡೆಯನ್ನು ತಬ್ಬಿಕೊಂಡಿದ್ದಳು. "ಬಿಡ್ಬೇಡ! ಅಲೆ ಬರ್ಲಿ, ಅಲೆ ಬಂದಾಗ ಬಾ!" ಎಂದು ಚಿಪ್ಪಿನ ಹೆಂಗಸು ಕೂಗಿ ಹಗ್ಗ ಎಸೆದಳು. ಅಲೆ ಬಂತು. ಹುಡುಗಿ ಬಂಡೆ ಬಿಟ್ಟು ಹಗ್ಗ ಹಿಡಿದಳು. ಅಷ್ಟರಲ್ಲಿ ಮುಖ್ಯಸ್ಥರೂ ಉಳಿದ ಮಕ್ಕಳೂ ಬಂದು ಎಳೆದರು. ಬಂಡೆಯ ಚಿಪ್ಪಿಗೆ ಸಿಕ್ಕು ಅವಳ ಎಡಗಾಲು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಸೀಳಿತ್ತು. ಉಳಿದ ಹೆಜ್ಜೆಗಳನ್ನು ಹೇಗೋ ದಾಟಿ ದಂಡೆಗೆ ಬಂದ ನನಗೆ ಒಂದು ತರಚು ಗಾಯವೂ ಇರಲಿಲ್ಲ.

ಹೊಲಿಗೆ ಹಾಕಿಸಿ ರಾಯಚೂರಿಗೆ ಬಂದೆವು. ಅವಳು ದೇವದುರ್ಗಕ್ಕೆ ಹೋದಳು. ಕಾಲೇಜಿನವರು ನಡೆದದ್ದನ್ನು ಬರೆದುಕೊಡಲು ಹೇಳಿದರು. ಶಕ್ತಿನಗರದಿಂದ ದಿನಾ ಬರುವ ನಮ್ಮ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಬಾಗಿಲು ಮುಂದೆ ಮಾಡಿ, "ಸುಳ್ಳು ಬರೀಬ್ಯಾಡ್ರಿ ಮೇಡಂ. ಆದ್ರ ಎಲ್ಲಾನೂ ಬರಿಯೂದು ಏನ್ ಜರೂರ ಅದ? ನಿಮ್ಮ ಕೆಲಸ ವರ್ಷ ವರ್ಷಕ್ಕ ಆಗೂದು, ನೆನಪಿರ್ಲಿ" ಎಂದರು.

ಅವರು ಸುಳ್ಳು ಬರೆಯಬೇಡಿ ಎಂದಿದ್ದರು. ಬರೆದವಳು ನಾನು. ಅಲೆಯ ಸದ್ದಿನಲ್ಲಿ ನಮ್ಮ ಮಾತು ಯಾರಿಗೂ ಕೇಳಿಸಿರಲಿಲ್ಲ. "ವಿದ್ಯಾರ್ಥಿನಿಯು ಸೂಚನೆಯನ್ನು ಮೀರಿ ಬಂಡೆಯ ತುದಿಗೆ ಹೋಗಿದ್ದು, ಆಕೆಯನ್ನು ಕರೆತರುವ ಸಲುವಾಗಿ ನಾನು ಹೋಗಿದ್ದೆ." ಸರಾಗವಾಗಿ ಬಂತು ವಾಕ್ಯ. ಕಾಲೇಜಿನವರು ಅದರ ಒಂದು ಪ್ರತಿಯನ್ನು ಪಾಲಕರಿಗೂ ಕಳಿಸಿದರು. ಹಾಗೆ ಕಳಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಹುಡುಗಿಯ ಗಾಯ ಮಾಗಿತು, ಆದರೆ ಅವಳು ಬರಲಿಲ್ಲ. ಹಾಜರಿ ಕಡಿಮೆಯಾಗುತ್ತ ಹೋಯಿತು. ಇನ್ನೊಂದು ವಾರ ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಆಗ ಮಟಮಾರಿಯ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಆಕಿ ಬರಂಗಿಲ್ರಿ ಮೇಡಂ. ಅವರವ್ವ ಕಳಸಂಗಿಲ್ಲ ಅಂದಾಳ. ಹೇಳಿದ ಮಾತು ಕೇಳದಾಕಿ ಊರು ಬಿಟ್ಟು ಓದೂದು ಬ್ಯಾಡ ಅಂತ. ಕಾಲೇಜಿಂದು ಕಾಗದ ಬಂದಿತ್ತಂತಲ್ರೀ."

"ಅವರಿಗೆ ಓದಲಿಕ್ಕೆ ಬರೂದಿಲ್ಲಲ್ಲ. ಯಾರು ಓದಿ ಹೇಳಿದ್ರು?"

"ಮನ್ಯಾಗ ಮತ್ತ್ಯಾರದಾರ್ರಿ? ಆಕೀನೇ ಓದ್ಯಾಳ."

ಭಾನುವಾರ ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗದ ಬಸ್ಸು ಹಿಡಿದೆ. ಹೊಸದಾಗಿ ಬರೆದ ಹೇಳಿಕೆ ಚೀಲದಲ್ಲಿತ್ತು. ಬಂಡೆಗೆ ಕರೆದೊಯ್ದವಳು ನಾನು, ಐದು ನಿಮಿಷ ಎಂದವಳು ನಾನು, ನೀರಿನಲ್ಲಿ ಅವಳ ಕುತ್ತಿಗೆ ಹಿಡಿದವಳು ನಾನು ಎಂದು ಅದರಲ್ಲಿ ಇತ್ತು. ಎಲ್ಲವನ್ನೂ ಬರೆದಿದ್ದೇನೆ ಎಂದುಕೊಂಡಿದ್ದೆ.

ತಾಯಿ ಬಾಗಿಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದಳು. "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿದಳು. ಮತ್ತೆ ಮೊರ ಹಿಡಿದು ಕೇಳಿದಳು: "ಇಕಿ ಮ್ಯಾಲ ಬರಿಯೂದು ಇನ್ನೂ ಏನರ ಉಳದದೇನ್ರಿ?"

ಹುಡುಗಿ ಒಳಗಿನಿಂದ ನೀರಿನ ಚೊಂಬು ತಂದಿಟ್ಟಳು. ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು.

"ಯವ್ವಾ, ನಾನು ಮೊದಲು ಕಾಗದದಾಗ ಬರದದ್ದು ಸುಳ್ಳು" ಎಂದೆ. ಉಳಿದದ್ದನ್ನು ಒಂದೊಂದಾಗಿ ಹೇಳಿದೆ. ತಾಯಿ ಜೋಳದಲ್ಲಿನ ಕಲ್ಲು ಆರಿಸುತ್ತಲೇ ಕೇಳಿದಳು. ಗುರುತಿನ ಕಲ್ಲಿನ ಮಾತು ಬಂದಾಗ ಕೈ ನಿಂತಿತು.

"ಯಾವ ಕಡಿ ಇಟ್ಟಿದ್ಲು?"

"ಸಮುದ್ರದ ಕಡಿ."

"ಈ ಕಡಿ? ನೀವು ಬಂದ ದಾರಿ ಕಡಿ?"

"ಇಟ್ಟಿರಲಿಲ್ಲ."

ತಾಯಿ ಮೊರ ಕೆಳಗಿಟ್ಟು ಮಗಳ ಕಡೆ ತಿರುಗಿದಳು. "ನಡುಗಡ್ಡಿಗೆ ಹೋದಾಕಿ ಎರಡೂ ಕಡಿ ಕಲ್ಲು ಇಡ್ತಾಳ. ಇಷ್ಟುದ್ದ ಇದ್ದಾಗ ಕಲಿಸೀನಿ ನಿನಗ. ಹೊಳಿ ಎರಡು ಸೀಳಾಗಿ ಬರ್ತದ, ಬೆನ್ನಾಗಿಂದು ಮೊದಲು ತುಂಬ್ತದ ಅಂತ ಹೇಳಿಲ್ಲೇನ? ಒಂದು ಕಡಿ ಇಟ್ಟು ಸುಮ್ನ ಯಾಕ ಕುಂತಿ ಬೇ?"

ಹುಡುಗಿ ನೆಲ ನೋಡುತ್ತಿದ್ದಳು. ನನಗೆ ಆಗ ಕಂಡಿತು. ಎದೆಗೆ ಒತ್ತಿಹಿಡಿದ ಎರಡು ಕಲ್ಲು. ತಗ್ಗಿನ ಕಡೆಗೆ ಹೋಗುತ್ತಿದ್ದ ಅವಳ ಬೆನ್ನು. ಅಷ್ಟು ದಿನ ಆ ಬೆಳಗನ್ನು ಸಾವಿರ ಸಲ ತಿರುವಿ ನೋಡಿದ್ದೆ. ಆ ಕಲ್ಲು ಯಾಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮಾನ್ವಿಯಲ್ಲಿ ದಂಡೆಯ ಮೇಲೆ ನಿಂತು ನೋಡುವವರಿಗೆ ಒಂದೇ ಕಡೆಯ ಕಲ್ಲು ಕಾಣುತ್ತದೆ.

"ಇಡ್ಲಿಕ್ಕೆ ಹೊಂಟಿದ್ಲು" ಎಂದೆ. "ನಾನು ಕರದೆ. ಹುಳ ಸಿಕ್ತು, ಜಲ್ದಿ ಬಾ ಅಂದೆ."

"ಇದನ್ನ ನನಗ ಯಾಕ ಹೇಳಲಿಲ್ಲ?" ಎಂದು ತಾಯಿ ಮಗಳನ್ನು ಕೇಳಿದಳು.

"ಬಂದ ಕಾಗದ ಓದು ಅಂದಿ, ಓದಿದೆ. ನನ್ನ ಎಲ್ಲಿ ಕೇಳಿದಿ ನೀನು?"

ತಾಯಿ ನನ್ನ ಕಡೆ ತಿರುಗಿದಳು. "ನಿಮಗ ಈಜು ಬರ್ತದೇನು ಅಂತ ಕೇಳಿದ್ದೆ."

"ಕೇಳಿದ್ರಿ."

"ನಕ್ಕಿದ್ರಿ."

"ಹೌದು."

ಹೇಳಿಕೆ ತೆಗೆದು, ಕೊನೆಯಲ್ಲಿ ಉಳಿದ ಜಾಗದಲ್ಲಿ ಎರಡನೇ ಕಡೆಯ ಕಲ್ಲಿನ ಸಂಗತಿ ಬರೆದೆ. ಚಾಪೆಯ ಮೇಲೆ ಕಾಗದವಿಟ್ಟು ಬರೆದದ್ದರಿಂದ ಅಕ್ಷರ ಅಂಕುಡೊಂಕಾಯಿತು. ತಾಯಿ ಅದನ್ನು ನನ್ನಿಂದ ತೆಗೆದುಕೊಂಡು ಮಗಳಿಗೆ ಕೊಟ್ಟಳು. "ಓದು. ಜೋರಾಗಿ."

ಹುಡುಗಿ ನಿಂತುಕೊಂಡೇ ಓದಿದಳು, ತರಗತಿಯಲ್ಲಿ ಓದುವ ಹಾಗೆ. ತನ್ನ ಕುತ್ತಿಗೆಯ ಮಾತು ಬಂದಾಗಲೂ ದನಿ ಬದಲಾಗಲಿಲ್ಲ. ಕೊನೆಯ ಸಾಲಿನಲ್ಲಿ ನಿಂತಳು.

"'ಕಲ್ಲುಗಳನ್ನು ಕೆಳಗಿಟ್ಟು ಬಂದಳು' ಅಂತ ಬರ್ದೀರಿ ಮೇಡಂ. ಇಡಲಿಲ್ರಿ ನಾನು. ನೀವು ಕರದ ಕೂಡ್ಲೇ ಒಗದು ಓಡಿ ಬಂದೆ. ನನಗೂ ನೋಡೂ ಆಸೆ ಇತ್ತು."

ನ್ಯಾಯವಾಗಿ ಅಷ್ಟು ತಪ್ಪು ಅವಳ ಪಾಲಿನದು. ಬೇಡವೆಂದು ಬಿಡಲು ನನಗೇನು ಹಕ್ಕು? "ಎಸೆದು ಓಡಿ ಬಂದಳು" ಎಂದು ತಿದ್ದಿ, ತಿದ್ದಿದ ಕಡೆ ಸಹಿ ಹಾಕಿದೆ.

"ಇದನ್ನ ಕಾಲೇಜಿಗೆ ಕೊಟ್ರ ನಿಮಗೇನಾಗ್ತದ್ರಿ?" ತಾಯಿ ಕೇಳಿದಳು.

"ಗೊತ್ತಿಲ್ಲ."

"ಕೊಡ್ತೀರಿ?"

"ನಾಳೆ ಕೊಡ್ತೀನಿ."

ಅವಳು ಮೊರ ಎತ್ತಿ ಒಮ್ಮೆ ಕೇರಿದಳು. "ಹಂಗಾರ ಇಕಿನೂ ಬರ್ತಾಳ. ನೀವು ಕೊಡೂದು ಕಣ್ಣಿಲೆ ನೋಡಿ, ಆಮ್ಯಾಲ ಕ್ಲಾಸಿನಾಗ ಕುಂದರ್ಲಿ. ನೋಡದ ಹೊರ್ತು ಕುಂದರಬಾರದು." ಮಗಳಿಗೆ, "ಮೇಡಂಗ ಚಾ ಮಾಡು, ಸುಮ್ನ ನಿಂತೀ" ಎಂದಳು.

ಸೋಮವಾರ ಹುಡುಗಿ ಪ್ರಾಂಶುಪಾಲರ ಕೋಣೆಯ ಹೊರಗೆ ಬಾಗಿಲಿಗೆ ಆತು ನಿಂತಿದ್ದಳು. ನಾನು ಕಾಗದ ಕೊಟ್ಟು ಹೊರಬರುವವರೆಗೆ ಅಲ್ಲಾಡಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು. ಪ್ರವಾಸದ ಜವಾಬ್ದಾರಿ ಇನ್ನು ಕೊಡುವುದಿಲ್ಲ ಎಂದರು. ಕೆಲಸ ಈ ವರ್ಷ ಉಳಿಯಿತು. ಮುಖ್ಯಸ್ಥರು ಕೆಲವು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಗುರುತಿಸಲಿಕ್ಕೆ ಇಟ್ಟ ಮಾದರಿಗಳಲ್ಲಿ ಆ ಹಳೆಯ ಜಾಡಿಯೂ ಇತ್ತು. ಬೇರೆ ಊರಿನಿಂದ ಬಂದ ಪರೀಕ್ಷಕರು ಉತ್ತರ ಪತ್ರಿಕೆ ತಿರುವುತ್ತ ಒಂದರ ಮೇಲೆ ಬೆರಳಿಟ್ಟು ನನ್ನನ್ನು ಕರೆದರು. ಯಾರದೆಂದು ನೋಡದೆಯೂ ತಿಳಿಯಿತು. ಎರಡು ತೋಳು ಪೂರ್ತಿ, ಒಂದು ಅರ್ಧ. ಉಳಿದ ಎರಡರ ಜಾಗದಲ್ಲಿ ಚುಕ್ಕೆಗೆರೆ ಹಾಕಿ, "ಜಾಡಿಯಲ್ಲಿ ಇಲ್ಲ" ಎಂದು ಬರೆದಿದ್ದಳು.

"ಇದೇನು ಮೇಡಂ, ಇಷ್ಟೂ ಕಲಿಸಿಲ್ಲವೇ ನೀವು?" ಎಂದು ಪರೀಕ್ಷಕರು ನಕ್ಕರು.

ನಾನು ಹೋಗಿ ಜಾಡಿಯನ್ನು ಎತ್ತಿ ತಂದು ಅವರ ಮೇಜಿನ ಮೇಲೆ ಇಟ್ಟೆ.